ಎಡಗಣ್ಣಿನ ಮಂಕು: ಕಾರಿಗೆ ಫಾಗ್ ಲೈಟ್ ಕೂರಿಸಿದ ಮೂರು ಭಾನುವಾರ

ಹೋದ ವರ್ಷ ಪುಷ್ಯ ಮಳೆ ಹಿಡಿದುಕೊಂಡಿದ್ದಾಗ ಒಂದು ಸಂಜೆ ಉಜಿರೆಯಿಂದ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಮಳೆ ನಿಂತಿತು ಎಂದು ಹಿಗ್ಗುವಷ್ಟರಲ್ಲಿ ಮಂಜು ಇಳಿಯಿತು. ಲೋ ಬೀಮ್ ಹಾಕಿದರೆ ಬಾನೆಟ್ಟಿನಾಚೆ ಹತ್ತು ಅಡಿ ಕಾಣುತ್ತಿತ್ತು. ಹೈ ಬೀಮ್ ಹಾಕಿದರೆ ಅದೂ ಇಲ್ಲ, ಸುಣ್ಣ ಹೊಡೆದ ಗೋಡೆಯೊಂದು ಎದುರಿಗೆ ಬಂದು ನಿಂತಂತೆ. ಅಮ್ಮ ಕಿಟಕಿ ಇಳಿಸಿ, ಸೆರಗನ್ನು ತಲೆಗೆ ಸುತ್ತಿಕೊಂಡು, ರಸ್ತೆಯಂಚಿನ ಬಿಳಿ ಗೆರೆಯನ್ನೇ ನೋಡುತ್ತಾ "ಇದೆ, ಇದೆ, ಹೋಗು... ಈಗ ಕಾಣುತ್ತಿಲ್ಲ, ನಿಲ್ಲು" ಎಂದು ಕೊಟ್ಟಿಗೆಹಾರದವರೆಗೆ ದಾರಿ ತೋರಿಸಿದಳು. ಬಣಕಲ್ ದಾಟಿ ಮನೆ ಮುಟ್ಟಿದ ಮೇಲೆ ಹೇಳಿದ್ದು ಒಂದೇ ಮಾತು: "ಮುಂದಿನ ಮಳೆಗಾಲದೊಳಗೆ ಈ ಕಾರಿಗೆ ಇನ್ನೊಂದು ಜೊತೆ ಕಣ್ಣು ಇಡಿಸು."

ಇಡಿಸುವುದೇನು, ನಾನೇ ಇಡುತ್ತೇನೆ ಎಂದುಕೊಂಡೆ. ಒಂದು ಮಧ್ಯಾಹ್ನದ ಕೆಲಸ ಎಂದು ಲೆಕ್ಕ ಹಾಕಿದ್ದೆ. ಮೂರು ಭಾನುವಾರ ಹಿಡಿಯಿತು. ದೀಪ ಕೂರಿಸಲು ಆದದ್ದು ಅದರಲ್ಲಿ ಅರ್ಧ ದಿನ. ಉಳಿದದ್ದೆಲ್ಲ ನಾನೇ ಮಾಡಿಟ್ಟ ತಪ್ಪುಗಳನ್ನು ಹುಡುಕಲು ಹೋಯಿತು.

ಮೊದಲು ಒಂದು ತಿಳಿವಳಿಕೆ. ಫಾಗ್ ಲೈಟ್ ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುವವರು ನಮ್ಮ ಕಡೆ ಬಹಳ. ಯಾವ ದೀಪವೂ ಮಂಜನ್ನು ಸೀಳುವುದಿಲ್ಲ. ಹೆಡ್‌ಲೈಟಿನ ಬೆಳಕು ನಮ್ಮ ಕಣ್ಣಿನ ಮುಂದಿನ ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುವುದರಿಂದ ಆ ಬಿಳಿ ಗೋಡೆ ಏಳುತ್ತದೆ. ಫಾಗ್ ಲೈಟ್ ಮಾಡುವುದು ಇಷ್ಟೇ: ಬಂಪರಿನ ತಗ್ಗಿನಲ್ಲಿ ಕುಳಿತು, ಬೆಳಕಿನ ಮೇಲಂಚನ್ನು ಚಾಕುವಿನಿಂದ ಕತ್ತರಿಸಿದ ಹಾಗೆ ಸಪಾಟಾಗಿ ಇಟ್ಟುಕೊಂಡು, ಎಡಬಲಕ್ಕೆ ಅಗಲವಾಗಿ ಹರಡುವುದು. ನೋಟದ ಸಾಲಿನಲ್ಲಿರುವ ಮಂಜಿಗೆ ಬೆಳಕು ಬೀಳದಿದ್ದರೆ ಅದು ಹೊಳೆಯುವುದೂ ಇಲ್ಲ. ಕೆಳಗಿನಿಂದ ರಸ್ತೆಯಂಚು, ಬಿಳಿ ಗೆರೆ, ತಡೆಗೋಡೆಯ ಬುಡ ಕಾಣುತ್ತದೆ. ದೂರ ಕಾಣುವುದಿಲ್ಲ, ಕಾಣಲೂ ಬೇಕಿಲ್ಲ.

ಹಳದಿ ಬಣ್ಣದ ಮಾತೂ ಹೀಗೆಯೇ. ಹಳದಿ ಬೆಳಕು ಮಂಜಿನಲ್ಲಿ ಕಡಿಮೆ ಚದುರುತ್ತದೆ ಎಂದು ನಾನೂ ನಂಬಿದ್ದೆ. ಆಕಾಶ ನೀಲಿಯಾಗಿ ಕಾಣಲು ಕಾರಣವಾದ ನಿಯಮವನ್ನು ಮಂಜಿಗೆ ತಂದು ಅಂಟಿಸಿದ ನಂಬಿಕೆ ಅದು. ಗಾಳಿಯ ಅಣುಗಳ ವಿಷಯದಲ್ಲಿ ಆ ನಿಯಮ ಸರಿ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದಪ್ಪ, ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚದುರಿಸುತ್ತದೆ. ಆದರೂ ನಾನು ತಂದದ್ದು ಹಳದಿಯನ್ನೇ. ಕಣ್ಣಿಗೆ ಹಿತ ಎನಿಸಿತು, ಅಷ್ಟೇ ಕಾರಣ.

ನಮ್ಮದು 2012ರ ಸಣ್ಣ ಕಾರು, ಅಗ್ಗದ ಮಾದರಿ. ಬಂಪರಿನಲ್ಲಿ ಫಾಗ್ ಲೈಟಿಗೆ ಗುಂಡಗಿನ ಜಾಗವಿತ್ತು, ದೀಪದ ಬದಲು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೂತಿತ್ತು. ಎಲ್ಇಡಿ ತರಬೇಕೋ ಹ್ಯಾಲೊಜೆನ್ ತರಬೇಕೋ ಎಂಬ ಚರ್ಚೆ ಭಾವನ ಜೊತೆ ಎರಡು ವಾರ ನಡೆಯಿತು. ಅವರ ಪಿಕಪ್ ಗಾಡಿಯ ತಲೆಯ ಮೇಲೆ ಎರಡಡಿ ಉದ್ದದ ಎಲ್ಇಡಿ ಪಟ್ಟಿ ಇದೆ. "ಇದನ್ನೇ ಹಾಕು, ಹಗಲಿನ ಹಾಗೆ ಕಾಣುತ್ತದೆ" ಎಂದರು. "ಮಂಜಿನಲ್ಲಿ ಅದನ್ನು ಹಾಕುತ್ತೀರಾ ಭಾವ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಜಿನಲ್ಲಿ ಆರಿಸುತ್ತೇನೆ" ಎಂದರು. ಒಳ್ಳೆಯ ಎಲ್ಇಡಿ ಫಾಗ್ ಲೈಟ್ ಇಲ್ಲವೆಂದಲ್ಲ. ಅದರ ಬೆಲೆ ನನ್ನ ಕೈಗೆ ಎಟುಕಲಿಲ್ಲ. ಎಟುಕುವ ಬೆಲೆಯವುಗಳಲ್ಲಿ ಬೆಳಕಿನ ಮೇಲಂಚು ಸಪಾಟಾಗಿರಲಿಲ್ಲ, ಎಲ್ಲ ದಿಕ್ಕಿಗೂ ಚೆಲ್ಲುತ್ತಿತ್ತು. ಕೊನೆಗೆ ಹಾಸನದ ಒಂದು ಅಂಗಡಿಯಲ್ಲಿ ಗಾಜಿನ ಮುಖದ, ಎಚ್3 ಬಲ್ಬಿನ, 55 ವಾಟಿನ ಹ್ಯಾಲೊಜೆನ್ ಜೋಡಿ ತೆಗೆದುಕೊಂಡೆ. ಹ್ಯಾಲೊಜೆನ್ನಿನ ಶಾಖಕ್ಕೆ ಗಾಜಿನ ಮೇಲಿನ ತೇವ ತಾನಾಗಿ ಆರುತ್ತದೆ ಎಂಬುದು ಮಲೆನಾಡಿನವರಿಗೆ ಸಣ್ಣ ಲಾಭವಲ್ಲ.

ಜೊತೆಯಲ್ಲಿ ಒಂದು ಸಿದ್ಧ ತಂತಿಯ ಕಟ್ಟೂ ಬಂತು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಪುಟ್ಟ ಡಬ್ಬಿ), ಸ್ವಿಚ್ಚು, ಕೆಂಪು ಕಪ್ಪು ತಂತಿ ಎಲ್ಲ ಜೋಡಿಸಿದ್ದು. ತಂತಿ ನೋಡಲು ದಪ್ಪ. ತುದಿ ಸುಲಿದು ನೋಡಿದರೆ ದಪ್ಪವೆಲ್ಲ ಪ್ಲಾಸ್ಟಿಕ್ಕಿನದು, ಒಳಗೆ ಎಳೆಗಳು ಕೂದಲಿನ ಹಾಗೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ; ತಾಮ್ರದ ಬಣ್ಣ ಹೋಗಿ ಬಿಳಿ ಕಾಣಿಸಿತು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದಕ್ಕೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ನಮ್ಮ ತೇವಕ್ಕೆ ಎರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ. ಮೇಲಾಗಿ ಬ್ಯಾಟರಿಯ ತುದಿಯಲ್ಲಿ ಫ್ಯೂಸೇ ಇರಲಿಲ್ಲ. ರಿಲೇ ಮತ್ತು ಸ್ವಿಚ್ಚನ್ನು ಮಾತ್ರ ಇಟ್ಟುಕೊಂಡು ತಂತಿಯನ್ನು ಬದಿಗೆಸೆದೆ. ಈಗ ಅದು ಮೆಣಸಿನ ಬಳ್ಳಿ ಕಟ್ಟಲು ಉಪಯೋಗವಾಗುತ್ತಿದೆ.

ತಂತಿಯ ದಪ್ಪದ ಲೆಕ್ಕ ಕಷ್ಟವಲ್ಲ. 55 ವಾಟಿನ ಎರಡು ಬಲ್ಬು, ಒಟ್ಟು 110 ವಾಟ್; 12 ವೋಲ್ಟಿನಿಂದ ಭಾಗಿಸಿದರೆ ಒಂಬತ್ತು ಆಂಪಿಯರ್ ಚಿಲ್ಲರೆ. ಬ್ಯಾಟರಿಯಿಂದ ರಿಲೇವರೆಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ರಿಲೇಯಿಂದ ಒಂದೊಂದು ದೀಪಕ್ಕೆ 1.5ರದ್ದು, ಸ್ವಿಚ್ಚಿನ ಕಡೆಗೆ 0.75ರದ್ದು ತಂದೆ. ಫ್ಯೂಸ್ 15 ಆಂಪಿಯರ್. ಅದನ್ನು ಬ್ಯಾಟರಿಯ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೇ ಇಟ್ಟೆ. ಫ್ಯೂಸ್ ಇರುವುದು ದೀಪವನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವೆ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ.

ಇನ್ನು ರಿಲೇ. ಹೊಸಬರು ಹೆದರುವುದು ಇದಕ್ಕೇ. ನಾಲ್ಕು ಕಾಲು, ಬುಡದಲ್ಲಿ 30, 87, 85, 86 ಎಂದು ಬರೆದಿರುತ್ತದೆ. 30ಕ್ಕೆ ಫ್ಯೂಸಿನ ಮೂಲಕ ಬ್ಯಾಟರಿ, 87ರಿಂದ ದೀಪಗಳಿಗೆ. ಇದು ದೊಡ್ಡ ಗೇಟು. 85 ಮತ್ತು 86ರ ನಡುವೆ ಒಂದು ಸಣ್ಣ ಸುರುಳಿ, ಅಂದರೆ ಕಾಯಿಲ್. ಅದಕ್ಕೆ ಕರೆಂಟ್ ಕೊಟ್ಟರೆ ಟಿಕ್ ಎಂದು ಗೇಟು ತೆರೆದು 30 ಮತ್ತು 87 ಕೂಡಿಕೊಳ್ಳುತ್ತವೆ. ನನ್ನ ರಿಲೇಯ ಕಾಯಿಲನ್ನು ಮಲ್ಟಿಮೀಟರಿನಲ್ಲಿ ಅಳೆದೆ: 82 ಓಮ್. ಅಂದರೆ ಅದು ಕೇಳುವುದು 0.15 ಆಂಪಿಯರ್ ಮಾತ್ರ. ಸ್ವಿಚ್ಚು ಇಷ್ಟನ್ನು ಹೊತ್ತರೆ ಸಾಕು, ಒಂಬತ್ತು ಆಂಪಿಯರಿನ ಭಾರ ಡ್ಯಾಶ್‌ಬೋರ್ಡಿನೊಳಗೆ ಬರುವುದೇ ಇಲ್ಲ. ಪಾರ್ಕಿಂಗ್ ಲೈಟಿನ ತಂತಿಗೇ ನೇರವಾಗಿ ಫಾಗ್ ಲೈಟ್ ಸಿಕ್ಕಿಸಿಕೊಂಡು ಓಡಾಡುವ ಗಾಡಿಗಳನ್ನು ನೋಡಿದ್ದೇನೆ. ಫ್ಯೂಸ್ ಸುಟ್ಟಾಗಲೆಲ್ಲ ಇನ್ನೂ ದೊಡ್ಡ ಫ್ಯೂಸ್ ಹಾಕುತ್ತಾ ಹೋಗುತ್ತಾರೆ, ಕೊನೆಗೆ ತಂತಿಯೇ ಫ್ಯೂಸ್ ಆಗುತ್ತದೆ.

ಕಾಯಿಲಿಗೆ ಕರೆಂಟನ್ನು ಬಲಗಡೆಯ ಹೆಡ್‌ಲೈಟಿನ ಹಿಂದಿರುವ ಪಾರ್ಕಿಂಗ್ ಬಲ್ಬಿನ ತಂತಿಯಿಂದ ತೆಗೆದುಕೊಂಡೆ. ಪಾರ್ಕಿಂಗ್ ಲೈಟ್ ಹೊತ್ತಿದ್ದರೆ ಮಾತ್ರ ಫಾಗ್ ಲೈಟ್ ಹೊತ್ತುತ್ತದೆ. ಮುಖ್ಯ ಸ್ವಿಚ್ ಆರಿಸಿ ಮನೆಯೊಳಗೆ ಹೋದರೆ ಬ್ಯಾಟರಿ ಬರಿದಾಗುವ ಭಯವಿಲ್ಲ. ಅಲ್ಲಿಂದ ತಂತಿ ಒಳಗಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮರಳಿ ರಿಲೇಯ 86ಕ್ಕೆ ಬರಬೇಕು. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನಲ್ಲಿ ಹೊಸ ತೂತು ಕೊರೆಯಲು ಮನಸ್ಸಾಗಲಿಲ್ಲ. ಮೊದಲೇ ಇದ್ದ ತೂತಿನ ರಬ್ಬರ್ ಬಿರಡೆ, ಅಂದರೆ ಗ್ರಾಮೆಟ್ಟಿನ ಮೂಲೆಯಲ್ಲಿ ಮುರಿದ ಛತ್ರಿಯ ಕಡ್ಡಿಯೊಂದನ್ನು ತೂರಿಸಿ, ಅದರ ತುದಿಗೆ ತಂತಿ ಕಟ್ಟಿ ಎಳೆದೆ. ಮಲೆನಾಡಿನಲ್ಲಿ ಮುರಿದ ಛತ್ರಿಗೆ ಬರವಿಲ್ಲ. ಬಾನೆಟ್ಟಿನೊಳಗಿನ ತಂತಿಯನ್ನೆಲ್ಲ ಸುರುಳಿ ಕೊಳವೆಯೊಳಗೆ ಹಾಕಿದೆ. ಶೆಡ್ಡಿನಲ್ಲಿ ಇಲಿಗಳಿವೆ, ಅವುಗಳಿಗೆ ಹೊಸ ತಂತಿಯ ರುಚಿ ಹೆಚ್ಚು.

ಸಂಜೆ ನಾಲ್ಕಕ್ಕೆ ಎಲ್ಲ ಮುಗಿಯಿತು. ಅಮ್ಮನನ್ನು ಕರೆದು, ಪಾರ್ಕಿಂಗ್ ಲೈಟ್ ಹಾಕಿ, ಹೊಸ ಸ್ವಿಚ್ ಒತ್ತಿದೆ. ಫಾಗ್ ಲೈಟ್ ಹೊತ್ತಲಿಲ್ಲ. ಇದ್ದ ಪಾರ್ಕಿಂಗ್ ಲೈಟೂ ಆರಿಹೋಯಿತು. ಹಿಂದಿನ ಕೆಂಪು ದೀಪ, ಮೀಟರ್ ಹಲಗೆಯ ಬೆಳಕು ಎಲ್ಲ ಕತ್ತಲು. "ಇದ್ದದ್ದೂ ಹೋಯಿತಲ್ಲ" ಎಂದು ಅಮ್ಮ ಒಳಗೆ ನಡೆದಳು.

ಕಾರಣ ಸ್ವಿಚ್ಚಿನ ಬೆನ್ನಿನಲ್ಲಿತ್ತು. ಒಳಗೆ ಪುಟ್ಟ ದೀಪವಿರುವ ಸ್ವಿಚ್ಚಿಗೆ ಮೂರು ಕಾಲು. ಎರಡು ಬೆಳ್ಳಿಯ ಬಣ್ಣದವು, ಒಂದು ಹಿತ್ತಾಳೆಯ ಬಣ್ಣದ್ದು. ಹಿತ್ತಾಳೆಯದು ಬೇರೆ ಕಾಣುತ್ತದೆ, ಅಂದ ಮೇಲೆ ಅದೇ ಮುಖ್ಯ, ಅದೇ ರಿಲೇಗೆ ಹೋಗಬೇಕು ಎಂದು ತರ್ಕ ಮಾಡಿದ್ದೆ. ಅದು ಒಳಗಿನ ಪುಟ್ಟ ದೀಪದ ಅರ್ತ್, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ನಾನು ಅರ್ತ್ ತಂತಿಯನ್ನು ಬೆಳ್ಳಿಯ ಕಾಲಿಗೆ ಕೊಟ್ಟಿದ್ದರಿಂದ, ಸ್ವಿಚ್ ಒತ್ತಿದ ಕ್ಷಣ ಪಾರ್ಕಿಂಗ್ ಲೈಟಿನ ಪ್ಲಸ್ ನೇರವಾಗಿ ಬಾಡಿಗೆ ತಾಗಿ 10 ಆಂಪಿಯರಿನ ಫ್ಯೂಸ್ ಸುಟ್ಟಿತ್ತು. ಜೋಡಿಸುವ ಮೊದಲು ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು: ಸ್ವಿಚ್ ಒತ್ತಿದಾಗ ಯಾವ ಎರಡು ಕಾಲುಗಳ ನಡುವೆ ಸದ್ದು ಬರುತ್ತದೋ ಅವು ಸ್ವಿಚ್ಚಿನವು, ಉಳಿದದ್ದು ಅರ್ತ್. ಆ ಎರಡರಲ್ಲಿ ಒಳಬರುವುದು ಯಾವುದು, ಹೊರಹೋಗುವುದು ಯಾವುದು ಎಂದು ತಿರುವುಮುರುವಾದರೆ ಏನೂ ಸುಡುವುದಿಲ್ಲ. ಸ್ವಿಚ್ ಆರಿಸಿದರೂ ಅದರ ಪುಟ್ಟ ದೀಪ ಮಾತ್ರ ಹೊತ್ತಿಕೊಂಡೇ ಇರುತ್ತದೆ. ತಂತಿಗಳನ್ನು ಬದಲಿಸಿದೆ. ಬುದ್ಧಿ ಬಂದ ಮೇಲೆ ಆ ಸಣ್ಣ ತಂತಿಗೂ ಅದರದೇ 3 ಆಂಪಿಯರಿನ ಫ್ಯೂಸೊಂದನ್ನು ಸೇರಿಸಿದೆ. ಮುಂದೆ ನನ್ನ ಕೈವಾಡದಿಂದ ಏನೇ ಆದರೂ ಹಿಂದಿನ ಕೆಂಪು ದೀಪ ಆರಬಾರದು. ಘಾಟಿಯಲ್ಲಿ ಹಿಂದಿನಿಂದ ಬರುವ ಲಾರಿಗೆ ನಾವು ಕಾಣುವುದು ಅದರಿಂದಲೇ.

ಕತ್ತಲಾದ ಮೇಲೆ ಮತ್ತೆ ಒತ್ತಿದೆ. ಎರಡೂ ಹೊತ್ತಿದವು. ಬಲಗಡೆಯದು ಅರಿಶಿನದ ಹಾಗೆ ಬೆಳಗಿತು. ಎಡಗಡೆಯದು ಹೊಗೆ ಹಿಡಿದ ಲಾಟೀನಿನ ಹಾಗೆ.

ಈ ಮಂಕು ಎರಡನೆಯ ಭಾನುವಾರವನ್ನಿಡೀ ನುಂಗಿತು. ಮೃಗಶಿರ ಮಳೆ ಆಗಲೇ ಹಿಡಿದಿತ್ತು, ಶೆಡ್ಡಿನ ತಗಡಿನ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಭಾವ ಕಾಫಿ ಲೋಟ ಹಿಡಿದು ಬಂದವರು ನೋಡಿದ ತಕ್ಷಣ ತೀರ್ಪು ಕೊಟ್ಟರು: "ಬಲ್ಬು ಕೆಟ್ಟಿದೆ, ಬದಲಿಸು." ಹ್ಯಾಲೊಜೆನ್ ಬಲ್ಬು ಹೊತ್ತಿದರೆ ಹೊತ್ತುತ್ತದೆ, ಸುಟ್ಟರೆ ಸುಡುತ್ತದೆ, ಅರ್ಧ ಕೆಡುವುದು ಅಪರೂಪ. ಆದರೂ ಹಿರಿಯರ ಮಾತು. ಗಾಜಿಗೆ ಬೆರಳಿನ ಜಿಡ್ಡು ತಾಗದಂತೆ ಬಟ್ಟೆಯಲ್ಲಿ ಹಿಡಿದು ಎಡಬಲದ ಬಲ್ಬುಗಳನ್ನು ಅದಲುಬದಲು ಮಾಡಿದೆ. ಮಂಕು ಎಡಗಡೆಯೇ ಉಳಿಯಿತು. ದೀಪಗಳನ್ನೇ ಬಿಚ್ಚಿ ಅದಲುಬದಲು ಮಾಡಿದೆ. ಮಂಕು ಅಲುಗಲಿಲ್ಲ. ಎಚ್3 ಬಲ್ಬಿಗೆ ಒಂದೇ ತಂತಿ, ಇನ್ನೊಂದು ಧ್ರುವ ಅದರ ಲೋಹದ ಬುಡವೇ. ಹಾಗಾಗಿ ಬುಡ ತುಕ್ಕು ಹಿಡಿದಿದ್ದರೂ ಇಂಥ ತೊಂದರೆ ಬರಬಹುದು. ಆದರೆ ದೀಪವನ್ನೇ ಬದಲಿಸಿದರೂ ತೊಂದರೆ ಜಾಗ ಬಿಡಲಿಲ್ಲ ಎಂದರೆ ಅದು ದೀಪದ್ದಲ್ಲ, ಕಾರಿನ ಕಡೆಯ ತಂತಿಯದು.

ಇಂಜಿನ್ ಚಾಲೂ ಮಾಡಿ, ಎಡದೀಪಕ್ಕೆ ತಂತಿ ಸಿಕ್ಕಿಸುವ ಗೂಡು, ಅಂದರೆ ಕಪ್ಲರ್ ಬಿಚ್ಚಿ, ಮಲ್ಟಿಮೀಟರ್ ಇಟ್ಟೆ: 14.1 ವೋಲ್ಟ್. ಬಲಗಡೆಯೂ 14.1. ಅರ್ತ್ ತಂತಿಗೂ ಬ್ಯಾಟರಿಯ ಮೈನಸ್ಸಿಗೂ ಬೀಪ್ ಹಿಡಿದೆ. ಕೀ ಎಂದು ಕೂಗಿತು. ಮೀಟರಿನ ಪ್ರಕಾರ ಎಡಕ್ಕೂ ಬಲಕ್ಕೂ ಭೇದವೇ ಇಲ್ಲ. ಇಲ್ಲಿ ನಾನು ಒಂದು ಗಂಟೆ ಸುಮ್ಮನೆ ಕೂತೆ.

ಹೊಳೆದದ್ದು ತೋಟದ ಪಂಪು ನೆನಪಾದಾಗ. ಬೇಸಿಗೆಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಗೇಟ್ ವಾಲ್ವ್ ಮುಚ್ಚಿದ್ದಾಗ ಒತ್ತಡದ ಮುಳ್ಳು ಮೇಲೇರಿ ನಿಂತಿರುತ್ತದೆ, ಪೈಪಿನಲ್ಲಿ ಎಷ್ಟೇ ಕಸ ಕಟ್ಟಿದ್ದರೂ. ನೀರು ಹರಿಯಲು ಬಿಟ್ಟಾಗಲೇ ಮುಳ್ಳು ದೊಪ್ಪನೆ ಬೀಳುವುದು, ಕಸ ಇರುವುದು ಗೊತ್ತಾಗುವುದು. ಕಪ್ಲರ್ ಬಿಚ್ಚಿ ವೋಲ್ಟ್ ಅಳೆಯುವುದೆಂದರೆ ವಾಲ್ವ್ ಮುಚ್ಚಿ ಒತ್ತಡ ನೋಡಿದಂತೆ. ಕರೆಂಟೇ ಹರಿಯದಿದ್ದರೆ ಅಡ್ಡಿ ಕಾಣುವುದು ಹೇಗೆ? ಬೀಪ್ ಕೂಗುವುದೂ ಅಷ್ಟೇ. ಮೀಟರ್ ಒಂದಿಷ್ಟು ಮಿಲಿಆಂಪಿಯರ್ ಕಳಿಸಿ ನೋಡುತ್ತದೆ, ಅರ್ಧ ಓಮು ಒಂದು ಓಮು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಕಪ್ಲರ್ ಮತ್ತೆ ಸಿಕ್ಕಿಸಿ, ದೀಪ ಹೊತ್ತಿಸಿ, ಅಮ್ಮನ ಸೀರೆ ಪಿನ್ನುಗಳನ್ನು ಕಪ್ಲರಿನ ಹಿಂಬದಿಯಿಂದ ತಂತಿಯ ಪಕ್ಕಕ್ಕೆ ತೂರಿಸಿ ಅಳೆದೆ. ಬ್ಯಾಟರಿಯಲ್ಲಿ 14.1. ಬಲದೀಪಕ್ಕೆ ಸಿಗುತ್ತಿದ್ದದ್ದು 13.7. ಎಡದೀಪಕ್ಕೆ 11.0. ಕಳೆದುಹೋದ ಮೂರು ವೋಲ್ಟ್ ಎಲ್ಲಿ ಎಂದು ಎರಡು ಭಾಗ ಮಾಡಿ ಹುಡುಕಿದೆ. ಬ್ಯಾಟರಿಯ ಪ್ಲಸ್ಸಿನಿಂದ ಎಡದೀಪದ ಪ್ಲಸ್ಸಿಗೆ ಮೀಟರಿನ ಎರಡು ಕಡ್ಡಿ ಇಟ್ಟರೆ 0.3 ವೋಲ್ಟ್, ಫ್ಯೂಸು, ರಿಲೇ, ತಂತಿ ಎಲ್ಲ ಸೇರಿ ಅಷ್ಟು ನುಂಗುವುದು ಸಹಜ. ಎಡದೀಪದ ಮೈನಸ್ಸಿನಿಂದ ಬ್ಯಾಟರಿಯ ಮೈನಸ್ಸಿಗೆ ಇಟ್ಟೆ: 2.8 ವೋಲ್ಟ್. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. 0.3, 11.0, 2.8, ಕೂಡಿದರೆ ಸರಿಯಾಗಿ 14.1. ಲೆಕ್ಕ ಹೀಗೆ ಕೂಡಿಬಂದಾಗ ಆಗುವ ಸಂತೋಷವನ್ನು ಭಾವನಿಗೆ ಹೇಳಹೋದೆ. ಅವರು ಲೋಟ ಇಟ್ಟು ಹೊರಟಿದ್ದರು.

ಅರ್ತ್ ತಂತಿಯ ಲಗ್ಗನ್ನು, ಅಂದರೆ ತುದಿಯ ಲೋಹದ ಬಳೆಯನ್ನು, ನಾನು ಬಂಪರ್ ಹಿಡಿದಿಡುವ ಕಬ್ಬಿಣದ ಪಟ್ಟಿಯ ಬೋಲ್ಟಿಗೆ ಬಿಗಿದಿದ್ದೆ. ಕೈಗೆ ಸುಲಭವಾಗಿ ಸಿಕ್ಕ ಬೋಲ್ಟ್ ಅದೇ. ಕಬ್ಬಿಣ, ಬಾಡಿಗೆ ಸೇರಿದೆ, ಇನ್ನೇನು ಬೇಕು? ಆದರೆ ಆ ಪಟ್ಟಿಯ ಮೇಲೆ ದಪ್ಪನೆಯ ಕಪ್ಪು ಬಣ್ಣವಿತ್ತು. ಕರೆಂಟು ಬೋಲ್ಟಿನ ಎಳೆಗಳ ಸಂದಿಯಲ್ಲಿ ನುಸುಳಿಕೊಂಡು ಹೇಗೋ ಮರಳುತ್ತಿತ್ತು. ಬೋಲ್ಟ್ ಮುಟ್ಟಿದರೆ ಬಿಸಿ. 2.8 ವೋಲ್ಟನ್ನು ನಾಲ್ಕೂವರೆ ಆಂಪಿಯರಿನಿಂದ ಗುಣಿಸಿದರೆ ಹನ್ನೆರಡು ವಾಟ್ ಚಿಲ್ಲರೆ. ಅಷ್ಟು ಶಾಖ ಅಲ್ಲಿ ಸುಮ್ಮನೆ ಹೋಗುತ್ತಿತ್ತು. ಬಲದೀಪದ ಅರ್ತನ್ನು ಬ್ಯಾಟರಿಯ ಪಕ್ಕದ ಬಾಡಿ ಬೋಲ್ಟಿಗೆ ಕೊಟ್ಟಿದ್ದರಿಂದ ಅದು ಬಚಾವಾಗಿತ್ತು. ವೋಲ್ಟ್ ಇಳಿದರೆ ಹ್ಯಾಲೊಜೆನ್ನಿನ ಬೆಳಕು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಪಾತಾಳಕ್ಕೆ ಜಾರುತ್ತದೆ. ಐದರಲ್ಲಿ ಒಂದು ಪಾಲು ವೋಲ್ಟ್ ಹೋದರೆ ಬೆಳಕು ಅರ್ಧಕ್ಕಿಂತ ಕೆಳಗೆ. ಎಡಗಣ್ಣಿನ ಮಂಕಿಗೆ ಇಷ್ಟೇ ಕಾರಣ.

ಎಮರಿ ಪೇಪರಿನಿಂದ ಬೇರೊಂದು ಜಾಗದಲ್ಲಿ, ಕಾರಿನ ಬಾಡಿಯಲ್ಲೇ, ಒಂದು ರೂಪಾಯಿ ನಾಣ್ಯದಗಲ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿದೆ. ಹಲ್ಲಿರುವ ವಾಷರ್ ಹಾಕಿ ಲಗ್ ಬಿಗಿದು, ಮೇಲೆ ಗ್ರೀಸ್ ಸವರಿದೆ. ಕೆರೆದ ಲೋಹವನ್ನು ಹಾಗೆಯೇ ಬಿಟ್ಟರೆ ನಮ್ಮ ಮಳೆ ವಾರದೊಳಗೆ ಅದನ್ನು ಕೆಂಪಗೆ ಮಾಡುತ್ತದೆ. ಮತ್ತೆ ಅಳೆದರೆ ಅರ್ತಿನ ಕಡೆ 0.08 ವೋಲ್ಟ್. ಎಡಗಣ್ಣು ತೆರೆಯಿತು.

ಆರಿದ್ರ ಮಳೆ ಆರದೆ ಹುಯ್ಯುತ್ತದೆ ಎನ್ನುತ್ತಾರೆ. ಹುಯ್ದು ಐದನೆಯ ದಿನ ಮೂಡಿಗೆರೆಯಿಂದ ಬರುವಾಗ ಹೊಸ ರೋಗ ಶುರುವಾಯಿತು. ಗುಂಡಿ ಸಿಕ್ಕಾಗಲೆಲ್ಲ ಎರಡೂ ದೀಪ ಒಟ್ಟಿಗೆ ಕಣ್ಣು ಮಿಟುಕಿಸುತ್ತಿದ್ದವು. ನಮ್ಮ ರಸ್ತೆಯಲ್ಲಿ ಗುಂಡಿಗೊಂದು ಮಿಟುಕು ಎಂದರೆ ದೀಪಾವಳಿಯ ಸರವೇ ಸರಿ. ಎರಡೂ ಒಟ್ಟಿಗೆ ಆರುವುದರಿಂದ ಒಂದೊಂದು ದೀಪದ ಬೇರೆಬೇರೆ ತಂತಿಗಳ ಮೇಲೆ ಅನುಮಾನವಿಲ್ಲ. ತಪ್ಪು ರಿಲೇಯಲ್ಲಿ ಅಥವಾ ಅದರ ಹಿಂದೆ. ಅಲ್ಲಿಯೂ ಎರಡು ದಾರಿ: ಒಂಬತ್ತು ಆಂಪಿಯರಿನ ದೊಡ್ಡ ದಾರಿ, ಕಾಯಿಲಿನ ಸಣ್ಣ ದಾರಿ. ಯಾವುದು ಎಂದು ತಿಳಿಯಲು ಮೀಟರಿಗಿಂತ ಕಿವಿ ಚುರುಕು. ದೊಡ್ಡ ದಾರಿಯಲ್ಲಿ ಎಲ್ಲಾದರೂ ಸಡಿಲವಿದ್ದರೆ ದೀಪ ಸದ್ದಿಲ್ಲದೆ ಆರುತ್ತದೆ, ರಿಲೇಗೆ ಆ ಸುದ್ದಿಯೇ ಇರುವುದಿಲ್ಲ. ಕಾಯಿಲಿನ ದಾರಿ ಕಡಿದರೆ ರಿಲೇ ಬಿಟ್ಟು ಹಿಡಿಯುತ್ತದೆ, ಟಿಕ್ ಟಿಕ್ ಎನ್ನುತ್ತದೆ.

ಮೂರನೆಯ ಭಾನುವಾರ ಬಾನೆಟ್ ಎತ್ತಿ, ಇಂಜಿನ್ ನಿಲ್ಲಿಸಿ, ದೀಪ ಹೊತ್ತಿಸಿ, ಒಂದೊಂದೇ ತಂತಿಯನ್ನು ಬೆರಳಿನಿಂದ ಅಲ್ಲಾಡಿಸುತ್ತಾ ಹೋದೆ. ಬ್ಯಾಟರಿಯ ತುದಿ, ಫ್ಯೂಸಿನ ಗೂಡು, ರಿಲೇಯ ಬುಡ, ಏನೂ ಇಲ್ಲ. ಹೆಡ್‌ಲೈಟಿನ ಹಿಂದಿನ ಪಾರ್ಕಿಂಗ್ ತಂತಿಯನ್ನು ಮುಟ್ಟಿದ್ದೇ ತಡ, ಹಲ್ಲಿ ಲೊಚಗುಟ್ಟಿದಂತೆ ರಿಲೇ ಟಿಕ್ ಟಿಕ್ ಎಂದಿತು. ಅಲ್ಲಿ ನಾನು ತಂತಿ ಕತ್ತರಿಸುವ ಸೋಮಾರಿತನಕ್ಕೆ, ಇದ್ದ ತಂತಿಯ ಮೇಲೆ ಕವುಚಿ ಒತ್ತಿಬಿಡುವ ನೀಲಿ ಪ್ಲಾಸ್ಟಿಕ್ಕಿನ ಕ್ಲಿಪ್ಪು ಹಾಕಿದ್ದೆ. ಒಳಗಿನ ತಗಡಿನ ಅಲಗು ತಂತಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ಕೊಯ್ದು ತಾಮ್ರ ಮುಟ್ಟುತ್ತದೆ. ಅರ್ಧ ನಿಮಿಷದ ಕೆಲಸ. ಬಿಚ್ಚಿ ನೋಡಿದರೆ ಅಲಗು ನಾಲ್ಕಾರು ಎಳೆಗಳನ್ನು ಕತ್ತರಿಸಿತ್ತು, ಉಳಿದವುಗಳ ಮೇಲೆ ಹಳೆಯ ತಂಬಿಗೆಯ ತಳದಲ್ಲಿರುವಂಥ ಹಸಿರು ಕಿಲುಬು. ಚಕ್ರ ಎರಚಿದ ನೀರು ಆ ಕೊಯ್ದ ಗಾಯದೊಳಗೆ ಇಳಿದಿತ್ತು. ಒಣ ಊರಿನಲ್ಲಿ ಈ ಕ್ಲಿಪ್ಪು ವರ್ಷಗಟ್ಟಲೆ ಬಾಳಬಹುದು, ಡ್ಯಾಶ್‌ಬೋರ್ಡಿನ ಒಳಗಾದರೆ ಇಲ್ಲಿಯೂ ಬಾಳಬಹುದು. ಬಾನೆಟ್ಟಿನೊಳಗೆ ಅದಕ್ಕೆ ಮೂರು ವಾರದ ಆಯುಷ್ಯ.

ಕಿಲುಬು ಹಿಡಿದ ತುಂಡನ್ನು ಪೂರಾ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ, ಮೂರು ತುದಿಗಳನ್ನು ಹೆಣೆದು ಬೆಸುಗೆ ಹಾಕಿದೆ. ಮೇಲೆ ಒಳಗಡೆ ಅಂಟು ಇರುವ, ಶಾಖಕ್ಕೆ ಕುಗ್ಗುವ ಸ್ಲೀವ್ ತೂರಿಸಿ ಬೆಂಕಿಕಡ್ಡಿಯಲ್ಲಿ ಕಾಯಿಸಿದೆ. ಬರೀ ಇನ್ಸುಲೇಷನ್ ಟೇಪು ನಮ್ಮಲ್ಲಿ ಸಾಲದು, ಅಂಟು ಕರಗಿ ಜಾರಿ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಯೇ ರಿಲೇಯ ಕಡೆ ಕಣ್ಣು ಹೋಯಿತು. ಅದನ್ನು ಕಾಲು ಮೇಲೆ ಮಾಡಿ ಕೂರಿಸಿದ್ದೆ. ಬುಡದ ಗೂಡಿನಲ್ಲಿ ಒಂದು ಚಮಚ ನೀರು ನಿಂತಿತ್ತು. ತಲೆಕೆಳಗು ಮಾಡಿ, ಕಾಲು ಕೆಳಗೆ ಬರುವಂತೆ ತಿರುಗಿಸಿದೆ. ತಂತಿಗಳು ರಿಲೇಗಿಂತ ಕೆಳಕ್ಕೆ ಒಮ್ಮೆ ಜೋಲಿ ಆಮೇಲೆ ಮೇಲಕ್ಕೆ ಏರುವಂತೆ ಕಟ್ಟಿದೆ. ಹರಿದು ಬಂದ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ, ರಿಲೇವರೆಗೆ ಏರುವುದಿಲ್ಲ. ಮನೆಯ ಮಾಡಿಗೆ ದಂಬೆ ಕಟ್ಟುವ ನಮಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ.

ಉಳಿದದ್ದು ದೀಪದ ಕೋನ. ಇದನ್ನು ಮಾಡದೆ ಬಿಡುವವರೇ ಹೆಚ್ಚು. ಕೋನ ತಪ್ಪಿದ ಫಾಗ್ ಲೈಟ್ ಎದುರಿನವನ ಕಣ್ಣಿಗೆ ಸೂಜಿ, ನಮ್ಮ ಕಣ್ಣಿಗೆ ಮತ್ತದೇ ಬಿಳಿ ಗೋಡೆ. ಸಮತಟ್ಟಾದ ಜಾಗವೂ ಗೋಡೆಯೂ ಒಟ್ಟಿಗೆ ಬೇಕು. ಗುಡ್ಡದ ಊರಿನಲ್ಲಿ ಅದನ್ನು ಎಲ್ಲಿಂದ ತರುವುದು? ಕಾಫಿ ಒಣಗಿಸುವ ಕಣವೇ ಗತಿ. ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ, ಎದುರಿಗೆ ಗೋದಾಮಿನ ಗೋಡೆ. ಸಿಮೆಂಟಿನ ಮೇಲೆ ಟೈರಿನ ಗುರುತು ಬೀಳುತ್ತದೆ ಎಂದು ಅಪ್ಪ ಗೊಣಗಿದರು. ಪಾಚಿ ಕಟ್ಟಿದೆ, ಡಿಸೆಂಬರಿನೊಳಗೆ ಹೇಗೂ ತಿಕ್ಕಿ ತೊಳೆಯಲೇಬೇಕು ಎಂದು ಸಮಾಧಾನ ಹೇಳಿದೆ.

ಟೈರಿನ ಗಾಳಿ ಸರಿಮಾಡಿ, ಅಪ್ಪನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, ಗೋಡೆಯಿಂದ 25 ಅಡಿ ದೂರದಲ್ಲಿ ಕಾರು ನಿಲ್ಲಿಸಿದೆ. ನೆಲದಿಂದ ದೀಪದ ನಡುವಿಗೆ 42 ಸೆಂಟಿಮೀಟರ್. ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದಕ್ಕಿಂತ ನಾಲ್ಕು ಅಂಗುಲ ಕೆಳಗೆ ಇನ್ನೊಂದು. ಬೆಳಕಿನ ಸಪಾಟು ಮೇಲಂಚು ಕೆಳಗಿನ ಗೆರೆಯ ಮೇಲೆ ಕೂರಬೇಕು. 25 ಅಡಿಗೆ ನಾಲ್ಕು ಅಂಗುಲ ಇಳಿದರೆ ಆ ಬೆಳಕು ಸುಮಾರು 32 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ಮಂಜಿನಲ್ಲಿ ಇದಕ್ಕಿಂತ ದೂರ ನೋಡುವ ಆಸೆ ಇಟ್ಟುಕೊಳ್ಳಬಾರದು. ನನ್ನ ಬಲದೀಪ ಸರಿಸುಮಾರು ಸರಿಯಿತ್ತು. ಎಡದ್ದು, ಅದಲುಬದಲಿನ ಗಲಾಟೆಯಲ್ಲಿ, ಮಾಡಿನ ಹೆಂಚು ನೋಡುತ್ತಿತ್ತು. ಹತ್ತರ ಸ್ಪ್ಯಾನರಿನಲ್ಲಿ ಸಡಿಲಿಸಿ, ತಗ್ಗಿಸಿ, ಬಿಗಿದೆ.

ಕಣದ ಬದಿಯಲ್ಲಿ ನಿಂತು ನೋಡುತ್ತಿದ್ದ ಭಾವನಿಗೆ ಒಂದು ಮಾತು ಹೇಳದೆ ಇರಲಾಗಲಿಲ್ಲ. ನಿಯಮದಲ್ಲಿ ಮುಂಭಾಗಕ್ಕೆ ಫಾಗ್ ಲೈಟ್ ಎರಡೇ, ಬಣ್ಣ ಬಿಳಿ ಅಥವಾ ಹಳದಿ, ಜಾಗ ಹೆಡ್‌ಲೈಟಿನ ಲೋ ಬೀಮಿಗಿಂತ ಮೇಲಲ್ಲ. ತಲೆಯ ಮೇಲೆ ಪಟ್ಟಿ ಕಟ್ಟಿಕೊಂಡು ಬೆಳದಿಂಗಳ ರಾತ್ರಿಯಲ್ಲೂ ಎದುರಿನವರನ್ನು ಕುರುಡು ಮಾಡುತ್ತಾ ಘಾಟಿ ಇಳಿಯುವ ಗಾಡಿಗಳ ಮೇಲೆ ನನಗೆ ಬಹಳ ದಿನದ ಸಿಟ್ಟು. "ನನಗೇ ಹೇಳುತ್ತಿದ್ದೀಯಲ್ಲ" ಎಂದರು. "ನಿಮಗೇ ಭಾವ" ಎಂದೆ. ನಕ್ಕರು, ಪಟ್ಟಿ ಇನ್ನೂ ತೆಗೆದಿಲ್ಲ.

ಪುನರ್ವಸು ಮಳೆಯ ಒಂದು ಸಂಜೆ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಘಾಟಿಗೆ ಹೋದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೈ ತೊಳೆಯುವಾಗಲೇ ಎದುರಿನ ಅಂಗಡಿ ಮಂಜಿನಲ್ಲಿ ಮಾಯವಾಗಿತ್ತು. ಲೋ ಬೀಮ್ ಮತ್ತು ಫಾಗ್ ಲೈಟ್ ಹಾಕಿಕೊಂಡು ಎರಡನೆಯ ಗೇರಿನಲ್ಲಿ ಇಳಿದೆ. ಮುಂದಿನ ಬಿಳಿ ಗೋಡೆ ಪೂರ್ತಿ ಹೋಗಲಿಲ್ಲ, ಹೋಗುತ್ತದೆ ಎಂದು ನಾನು ಅಂದುಕೊಂಡೂ ಇರಲಿಲ್ಲ. ಆದರೆ ಗೋಡೆಯ ಬುಡದಲ್ಲಿ ಹಳದಿಯ ಒಂದು ಚಾಪೆ ಹಾಸಿತ್ತು. ಅದರ ಮೇಲೆ ಎಡಕ್ಕೆ ಬಿಳಿ ಗೆರೆ, ಚರಂಡಿಯ ಅಂಚು, ತಡೆಗೋಡೆಯ ಕಪ್ಪು ಬಿಳುಪು ಪಟ್ಟೆ ಒಂದಾದ ಮೇಲೊಂದು ಬಂದವು. ತಿರುವಿನಲ್ಲಿ ಒಳಮಗ್ಗುಲು ಕಾಣುವುದೇ ದೊಡ್ಡ ಉಪಕಾರ. ಹೆಡ್‌ಲೈಟ್ ನೇರಕ್ಕೆ ನೋಡುತ್ತದೆ, ಇದು ಪಕ್ಕಕ್ಕೂ ನೋಡುತ್ತದೆ. ಅಮ್ಮ ಕಿಟಕಿ ಇಳಿಸಲಿಲ್ಲ. ಸೋಮನಕಾಡಿನ ಹತ್ತಿರ ನಿದ್ದೆ ಹೋಗಿದ್ದಳು.

ಬೆಳಿಗ್ಗೆ ನೋಡಿದರೆ ಎಡದೀಪದ ಗಾಜಿನ ಒಳಗೆ ನಾಲ್ಕು ಹನಿ ನೀರು. ದೀಪದ ಬೆನ್ನಿನಲ್ಲಿ ಉಸಿರಾಟದ ಸಣ್ಣ ರಂಧ್ರವಿದೆ, ಅದು ಕೆಳಗೆ ಬರಬೇಕು. ಕೋನ ಸರಿಮಾಡುವ ಭರದಲ್ಲಿ ಪಕ್ಕಕ್ಕೆ ತಿರುಗಿಸಿಬಿಟ್ಟಿದ್ದೇನೆ. ಸ್ವಿಚ್ಚಿನೊಳಗಿನ ಪುಟ್ಟ ದೀಪವಂತೂ ರಾತ್ರಿ ಕಣ್ಣಿಗೆ ಕುಕ್ಕುತ್ತದೆ. ಸದ್ಯಕ್ಕೆ ಅದರ ಮೇಲೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿ, ಅಮ್ಮನ ಸೀರೆ ಪಿನ್ನಿನಲ್ಲಿ ಸಾಸಿವೆ ಕಾಳಿನಷ್ಟು ತೂತು ಮಾಡಿದ್ದೇನೆ.